ಅಣ್ಣನ ಸೂಪರ್‌ವೈಸರ್‌ಗೆ ಇನ್ನೆಷ್ಟು ದಿನ ಸುಳ್ಳು ಹೇಳಲಿ?

ನಾಲೆಬದಿ · ಭಾನುವಾರ ರಾತ್ರಿ 9:50

ಎಲ್ರಿಗೂ ನಮಸ್ಕಾರ. ಮಂಡ್ಯ ತಾಲ್ಲೂಕಿನ ಹಳ್ಳಿ ನಮ್ದು, ಊರ ಹೆಸರು ಬೇಡ. ಅಣ್ಣಂಗೆ 39. ಮೈಸೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ 14 ವರ್ಷದಿಂದ ಮೆಷಿನ್ ಆಪರೇಟರ್. ದಿನಾ ರೈಲಲ್ಲೇ ಓಡಾಟ. ಕೆಲಸದಲ್ಲಿ ಯಾರೂ ಬೆರಳು ತೋರ್ಸಂಗಿಲ್ಲ, ಮೆಷಿನ್ ಸದ್ದು ಕೇಳೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಾನಂತೆ.

ಮೊದ್ಲು ಸಂಬಳದ ದಿನ ಮಾತ್ರ ಇತ್ತು. ಆಮೇಲೆ ಶನಿವಾರ. ಈಗ ದಿನಾ ರಾತ್ರಿ ಎರಡು ಕ್ವಾರ್ಟರ್. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿ (90 ಎಂಎಲ್ ಎಣ್ಣೆ) ಬಿದ್ದಿಲ್ಲ ಅಂದ್ರೆ ಕೈ ನಿಲ್ಲಲ್ಲ. ಮೊನ್ನೆ ಕಾಫಿ ಲೋಟ ಎತ್ತಕ್ಕೆ ಆಗ್ದೆ ಅದನ್ನ ನೆಲದ ಮೇಲೇ ಇಟ್ಟು, ಬಗ್ಗಿ ಬಾಯಿ ಹಚ್ಚಿ ಹೀರ್ದ. 8 ವರ್ಷದ ಮಗಳು "ಅಪ್ಪ ಬೆಕ್ಕಿನ ಥರ ಕುಡೀತದೆ" ಅಂತ ಚಪ್ಪಾಳೆ ತಟ್ಟಿ ನಕ್ಕಳು. ಅಣ್ಣನೂ ನಕ್ಕ. ಅತ್ತಿಗೆ ಎದ್ದು ಹಿತ್ತಲಿಗೆ ಹೋದ್ರು.

ನನ್ನ ಪ್ರಶ್ನೆ ಬೇರೆ. ತಿಂಗಳಿಗೆ ಐದಾರು ದಿನ ಕೆಲಸಕ್ಕೆ ಹೋಗಲ್ಲ. ಸೂಪರ್‌ವೈಸರ್ ನನ್ನ ನಂಬರ್‌ಗೆ ಫೋನ್ ಮಾಡ್ತಾರೆ. ಜ್ವರ ಅಂದೆ, ಭೇದಿ ಅಂದೆ, ಬೈಕಿಂದ ಬಿದ್ದ ಅಂದೆ. ಅಜ್ಜಿನ ಈ ವರ್ಷ ಎರಡು ಸಲ ಸಾಯಿಸಿದೀನಿ. ಅಜ್ಜಿ ಇಲ್ಲೇ ಜಗಲಿ ಮೇಲೆ ಎಲೆಅಡಿಕೆ ಕುಟ್ಕೊಂಡು ಕೂತವ್ರೆ.

ಸುಳ್ಳು ಹೇಳೋದು ನಿಲ್ಲಿಸ್ಲಾ? ಅತ್ತಿಗೆ ಬೇಡ ಅಂತಾರೆ. ಕೆಲಸ ಹೋದ್ರೆ ಮಗು ಸ್ಕೂಲ್ ಫೀಸ್ ಯಾರು ಕಟ್ತಾರೆ ಅಂತಾರೆ.

ಮದ್ದೂರ್‌ವಡೆ · 9:58

ಎರಡು ಸಲ ಸತ್ತವ್ರಿಗೆ ಆಯಸ್ಸು ಜಾಸ್ತಿ ಬ್ರೋ. ಅಜ್ಜಿ ಸೆಂಚುರಿ ಗ್ಯಾರಂಟಿ.

ಕಬ್ಬುಕಡಿ · 10:03

ಇದೆಲ್ಲಾ ಕೊಬ್ಬು ಕಣಣ್ಣ. ಕಾಯಿಲೆ ಗೀಯಿಲೆ ಏನೂ ಇಲ್ಲ. ನಮ್ ಚಿಕ್ಕಪ್ಪನೂ ಇಂಗೇ ಆಡೋನು. ನಮ್ಮಪ್ಪ ಹಿಡ್ಕೊಂಡೋಗಿ ಕೊಟ್ಟಿಗೆ ಕಂಬಕ್ಕೆ ಕಟ್ಟಾಕಿ ನಾಕು ಬಿಗುದ್ರು. ಎರಡು ದಿನ ಅಂಗೇ ಬುಟ್ರು.

ಮದ್ದೂರ್‌ವಡೆ · 10:05

ಸರಿ ಹೋದ್ರಾ ಚಿಕ್ಕಪ್ಪ?

ಕಬ್ಬುಕಡಿ · 10:21

ಎರಡನೇ ದಿನ ಫಿಟ್ಸ್ ಬಂತು. ಸತ್ತೋದ್ರು. 2011ರಲ್ಲಿ.

ವಾರ್ಡ್‌ಅಕ್ಕ · 10:40

ಕಬ್ಬುಕಡಿ, ನಿಮ್ಮ ಮನೆಯವರನ್ನ ದೂರೋಕೆ ಹೇಳ್ತಿಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ಆದ್ರೆ ಚಿಕ್ಕಪ್ಪ ಹೋಗಿದ್ದು ಏಟಿಂದ ಅಲ್ಲದೇನೂ ಇರಬಹುದು. ದಿನಾ ಕುಡಿಯೋರಿಗೆ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಏನಾಗತ್ತೋ ಅದೇ ಆಗಿರೋ ಥರ ಇದೆ.

ನಾನು ಮೈಸೂರಲ್ಲಿ ನರ್ಸು. 16 ವರ್ಷದಲ್ಲಿ 6 ವರ್ಷ ಮನೋರೋಗ ವಾರ್ಡಲ್ಲೇ ಕಳೆದಿದೀನಿ. ಬೆಳಿಗ್ಗೆ ಕೈ ನಡುಗತ್ತೆ, ಒಂದು ಪೆಗ್ ಬಿದ್ರೆ ನಿಲ್ಲತ್ತೆ ಅಂದ್ರೆ ಅದು ಚಟದ ಹಂತ ದಾಟಿದೆ. ಮದ್ಯ ಮೆದುಳನ್ನ ಮಂಕು ಮಾಡತ್ತೆ. ವರ್ಷಗಟ್ಲೆ ಕುಡಿದ ಮೆದುಳು ಆ ಮಂಕಿಗೆ ವಿರುದ್ಧವಾಗಿ ಯಾವಾಗ್ಲೂ ಬಿಗಿಯಾಗಿ ಎಳ್ಕೊಂಡು ನಿಂತಿರತ್ತೆ. ಹಗ್ಗಜಗ್ಗಾಟದಲ್ಲಿ ಎದುರಿನವ್ರು ತಟ್ಟಂತ ಹಗ್ಗ ಬಿಟ್ರೆ ನಾವು ಬೀಳ್ತೀವಲ್ಲ, ಹಾಗೆ. 6 ಗಂಟೆ ಒಳಗೆ ನಡುಕ, ಬೆವರು, ಎದೆ ಡವಡವ. 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು. ಎರಡ್ರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಡೆಲಿರಿಯಂ. ಗೋಡೆ ಮೇಲೆ ಹುಳ ಹರಿಯತ್ತೆ, ಸತ್ತವ್ರು ಬಂದು ಮಾತಾಡಿಸ್ತಾರೆ, ಎಲ್ಲಿದೀನಿ ಅನ್ನೋದೇ ಗೊತ್ತಾಗಲ್ಲ. ನಮ್ಮ ಕಡೆ ಜನ "ಗಾಳಿ ಸೋಕಿದೆ" ಅಂತ ಮೊದ್ಲು ಮಂತ್ರ ಹಾಕಿಸಕ್ಕೆ ಕರ್ಕೊಂಡು ಹೋಗ್ತಾರೆ. ವಾರ್ಡಿಗೆ ಬರೋ ಹೊತ್ತಿಗೆ ಕೊರಳಲ್ಲಿ ಮೂರು ತಾಯತ ಇರತ್ತೆ.

ನಾಲೆಬದಿ, ಸುಳ್ಳಿನ ವಿಷಯ ಆಮೇಲೆ ಮಾತಾಡೋಣ. ಅವರನ್ನ ಒಂದೇ ಸಲ ನಿಲ್ಸು ಅಂತ ಯಾರೂ ಬಲವಂತ ಮಾಡಬೇಡಿ. ಮೊದ್ಲು ಡಾಕ್ಟ್ರಿಗೆ ತೋರಿಸಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಎರಡರಲ್ಲೂ ಮನೋರೋಗ ವಿಭಾಗ ಇದೆ. ಫೋನಲ್ಲೇ ಮಾತಾಡ್ಬೇಕು ಅಂದ್ರೆ 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಕಬ್ಬುಕಡಿ · 11:02

ಅಕ್ಕ ಇದು ನಂಗೆ ಗೊತ್ತೇ ಇರ್ಲಿಲ್ಲ.

ಟೈಂಆಫೀಸ್ · 11:10

ನಾನು ಬೇರೆ ಫ್ಯಾಕ್ಟ್ರಿ, ಆದ್ರೆ ಸೂಪರ್‌ವೈಸರ್ ಕುರ್ಚಿ ಪಕ್ಕದ ಟೇಬಲ್ ನಂದು. ಹಾಜರಾತಿ ನೋಡೋನು. ಒಂದು ಗುಟ್ಟು ಹೇಳ್ತೀನಿ: ನಮಗೆ ಗೊತ್ತಿರತ್ತೆ. ಸೋಮವಾರ ಜ್ವರ, ಸಂಬಳ ಆದ ಮಾರನೇ ದಿನ ಭೇದಿ, ಅದೂ ತಮ್ಮನ ಫೋನಲ್ಲಿ. ಪೂರ್ತಿ ಶಾಪ್ ಫ್ಲೋರ್‌ಗೆ ಗೊತ್ತಿರತ್ತೆ. ಕೆಲಸಗಾರ ಒಳ್ಳೇವ್ನು ಅಂತ ಕಣ್ಣು ಮುಚ್ಕೊಂಡಿರ್ತೀವಿ. ಕಣ್ಣು ಬಿಡೋ ದಿನ ಬರತ್ತೆ.

ನಮ್ಮಲ್ಲಿ ಸ್ಟ್ಯಾಂಡಿಂಗ್ ಆರ್ಡರ್ (ಫ್ಯಾಕ್ಟ್ರಿ ನಿಯಮಾವಳಿ) ಪ್ರಕಾರ ಹೇಳದೆ ಕೇಳದೆ 10 ದಿನಕ್ಕಿಂತ ಜಾಸ್ತಿ ಗೈರಾದ್ರೆ ದುರ್ನಡತೆ. ಕುಡ್ಕೊಂಡು ಗೇಟ್ ಒಳಗೆ ಬಂದ್ರೂ ದುರ್ನಡತೆ. ಅದಕ್ಕೇ ಸುಳ್ಳು ಬಿಟ್ಟು ಕಾಗದದ ದಾರಿ ಹಿಡೀರಿ. ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ, ಇದೆಯಾ? ಇದ್ರೆ ಅಡ್ಮಿಟ್ ಆಗ್ಲಿ, ಇಎಸ್‌ಐ ಡಾಕ್ಟ್ರ ಸರ್ಟಿಫಿಕೇಟ್ ತರ್ಲಿ. ಅನಾರೋಗ್ಯ ಭತ್ಯೆ ಅಂತ ವರ್ಷಕ್ಕೆ 91 ದಿನದವರೆಗೂ ಸಂಬಳದ 70% ಸಿಗತ್ತೆ. ಅದು ಅವ್ರ ದುಡ್ಡೇ, ತಿಂಗ್ಳು ತಿಂಗ್ಳು ಹಿಡೀತಾರಲ್ಲ.

ನಾಲೆಬದಿ · 11:15

ಇಎಸ್‌ಐ ಇದೆ ಸಾರ್. ಸಂಬಳ 19 ಸಾವಿರ ಚಿಲ್ಲರೆ. ಇದು ಗೊತ್ತೇ ಇರ್ಲಿಲ್ಲ.

ಲಿಮಿಟ್‌ರಾಜ · ಸೋಮವಾರ ಬೆಳಿಗ್ಗೆ 7:30

ಎಲ್ಲಾ ಕುಡಿಯೋರ್ನೂ ಒಂದೇ ತಕ್ಕಡೀಲಿ ತೂಗಬೇಡಿ ಸ್ವಾಮಿ. ನಾನೂ 20 ವರ್ಷದಿಂದ ತಗೋತೀನಿ. ಭಾನುವಾರ ಎರಡು ಬಿಯರ್, ಬಿಯರ್ ಎಣ್ಣೆ ಲೆಕ್ಕಕ್ಕೇ ಬರಲ್ಲ. ಮನೇಲಿ ಮುದ್ದೆ ಉಂಡು ಮಲ್ಗಿದ್ರೆ ಯಾರಿಗೂ ಗೊತ್ತಾಗಲ್ಲ. ಮನಸ್ಸು ಗಟ್ಟಿ ಇರಬೇಕು ಅಷ್ಟೆ.

ಪಿಯುಸಿ_ಕೆಮಿಸ್ಟ್ರಿ · 7:52

ಲೆಕ್ಕಕ್ಕೆ ಬರಲ್ವಾ? ಬನ್ನಿ, ಲೆಕ್ಕ ಹಾಕೋಣ. ನಮ್ಮ ವಿಸ್ಕಿ, ರಮ್, ಬ್ರಾಂದಿ ಬಾಟ್ಲಿ ಮೇಲೆ 42.8% ಅಂತ ಇರತ್ತೆ. ಕ್ವಾರ್ಟರ್ ಅಂದ್ರೆ 180 ಎಂಎಲ್. ಒಳಗಿರೋ ಶುದ್ಧ ಆಲ್ಕೋಹಾಲ್ ಸುಮಾರು 61 ಗ್ರಾಂ. ಸ್ಟ್ರಾಂಗ್ ಬಿಯರ್ 650 ಎಂಎಲ್, 8% ಅಂದ್ರೆ 41 ಗ್ರಾಂ. ಎರಡು ಬಿಯರ್‌ಗೆ 82. ಕ್ವಾರ್ಟರ್ ಹೊಡೆಯೋನಿಗಿಂತ ನೀವೇ ಜಾಸ್ತಿ ಕುಡಿದ ಹಾಗಾಯ್ತು.

ನಾಲೆಬದಿ ಅಣ್ಣನದು ರಾತ್ರಿ ಎರಡು ಕ್ವಾರ್ಟರ್, ಬೆಳಿಗ್ಗೆ ನೈಂಟಿ, ಒಟ್ಟು 150 ಗ್ರಾಂ ಮೇಲೆ. ಗ್ರಾಂಗೆ 7 ಕ್ಯಾಲರಿ. ಸಾವಿರಕ್ಕೂ ಜಾಸ್ತಿ ಕ್ಯಾಲರಿ ಬರೀ ಎಣ್ಣೆಯಿಂದ ಒಳಗೆ ಹೋಗ್ತಿದೆ, ಅದ್ರಲ್ಲಿ ಪ್ರೋಟೀನ್ ಇಲ್ಲ, ವಿಟಮಿನ್ ಇಲ್ಲ. ಅದಕ್ಕೇ ಕುಡಿಯೋರಿಗೆ ಹಸಿವು ಇರಲ್ಲ, ಮೈ ಕರಗತ್ತೆ, ಹೊಟ್ಟೆ ಮಾತ್ರ ಮುಂದೆ ಬರತ್ತೆ.

ಲಿಮಿಟ್‌ರಾಜ · 8:01

ಬೆಳ್ಬೆಳಿಗ್ಗೆನೇ ಕೆಮಿಸ್ಟ್ರಿ ಕ್ಲಾಸ್. ಆಯ್ತು ಮೇಷ್ಟ್ರೆ, ಒಂದಕ್ಕೆ ಇಳಿಸ್ತೀನಿ.

ಪಿಯುಸಿ_ಕೆಮಿಸ್ಟ್ರಿ · 8:04

ಇಳಿಸೋದು ಒಳ್ಳೇದೇ. ಆದ್ರೆ ಇಷ್ಟು ಕುಡಿದ್ರೆ ಏನೂ ಆಗಲ್ಲ ಅನ್ನೋ ಗೆರೆ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಅದನ್ನ ಹೇಳಿದೆ. ಮದ್ಯ ಕ್ಯಾನ್ಸರ್ ತರೋ ವಸ್ತು ಅಂತ ಪಟ್ಟಿ ಸೇರಿದ್ದು 1988ರಲ್ಲಿ. ಬಾಯಿ, ಗಂಟಲು, ಅನ್ನನಾಳ, ಲಿವರ್, ಕರುಳು, ಹೆಂಗಸ್ರಿಗೆ ಸ್ತನ. ಜೊತೆಗೆ ಬೀಡಿ ಇದ್ರೆ ಇನ್ನೂ ಕೆಟ್ಟದು.

ಸಕ್ಕರೆನಾಡು · 8:30

ಮೂಲ ಬಿಟ್ಟು ಎಲ್ಲಾ ಕೊಂಬೆ ಹಿಡ್ಕೊಂಡಿದೀರ. ನಮ್ಮೂರಲ್ಲಿ ಬಾರ್ ಇಲ್ಲ, ವೈನ್ ಶಾಪ್ ಇಲ್ಲ. ಆದ್ರೂ ಬೆಳಿಗ್ಗೆ 6ಕ್ಕೆ ಎಣ್ಣೆ ಸಿಗತ್ತೆ, ಎಲ್ಲಿ ಹೇಳಿ? ಚಿಲ್ಲರೆ ಅಂಗಡೀಲಿ. ಮೇಲೆ ಬಿಸ್ಕತ್ತು, ಶಾಂಪೂ, ಕೆಳಗೆ ಗೋಣಿಚೀಲದಲ್ಲಿ ಟೆಟ್ರಾ ಪ್ಯಾಕು. ಎಂಆರ್‌ಪಿ ಮೇಲೆ ಇಪ್ಪತ್ತು. ಹಾಲು ಡೇರಿಗೆ ಹಾಕಿ, ಬಟವಾಡೆ ದಿನ ಅಲ್ಲೇ ಸಾಲ ತೀರಿಸಿ ಬರ್ತಾರೆ.

ಹಳೇಪ್ಯಾಕೆಟ್ · 8:44

ಸಾರಾಯಿ ನಿಲ್ಸಿದ್ದು 2007ರ ಜುಲೈ 1ಕ್ಕೆ. ಅವತ್ತು ನಮ್ಮೂರಲ್ಲಿ ಹೆಂಗಸ್ರು ಪಾಯಸ ಮಾಡಿದ್ರು. ಪ್ಯಾಕೆಟ್ ಕುಡಿಯೋನು ಹೋಗಿ ಕ್ವಾರ್ಟರ್ ಕುಡಿಯೋನಾದ, ಖರ್ಚು ಜಾಸ್ತಿ ಆಯ್ತು. ಪಾಯಸ ಮಾಡಿದ ನಮ್ಮ ದೊಡ್ಡಮ್ಮ ಈಗ್ಲೂ ಅದನ್ನ ನೆನೆಸ್ಕೊಂಡು ಬಯ್ತಾರೆ.

ಸಕ್ಕರೆನಾಡು · 8:47

ಸರ್ಕಾರಕ್ಕೆ ಅಬಕಾರಿ ದುಡ್ಡು ಬೇಕು. ಗೃಹಲಕ್ಷ್ಮಿ 2,000 ಅತ್ತಿಗೆ ಅಕೌಂಟ್‌ಗೆ ಬರತ್ತೆ, ಅಣ್ಣನ ಜೇಬಿಂದ ವಾಪಸ್ ಹೋಗತ್ತೆ.

ಮದ್ದೂರ್‌ವಡೆ · 8:50

ಬೀಗರೂಟಕ್ಕೆ ಎಣ್ಣೆ ಇಟ್ಟಿಲ್ಲ ಅಂದ್ರೆ ಬಾಡಿಗೇ ಉಪ್ಪಿಲ್ಲ ಅಂತ ಎದ್ದು ಹೋಗೋರು ನಾವು. ಸರ್ಕಾರನ ಬೈಯಕ್ಕೆ ಬರ್ತೀವಿ.

ಪರಿಚಾರಕ · 8:58

ರಾಜಕೀಯಕ್ಕೆ ಬೇರೆ ಚರ್ಚೆ ಇದೆ. ಇಲ್ಲಿ ಕೇಳಿದ ಪ್ರಶ್ನೆಗೆ ಬನ್ನಿ.

ಪಾಕದವ · ಸೋಮವಾರ ಮಧ್ಯಾಹ್ನ 2:15

ನಾನು ಕುಡುಕ. ಕುಡಿದು ಏಳು ವರ್ಷ ನಾಲ್ಕು ತಿಂಗಳಾಯ್ತು. ಆದ್ರೂ ಕುಡುಕ ಅಂತ್ಲೇ ಹೇಳ್ಕೋತೀನಿ, ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗಲ್ಲಿ ಹಾಗೇ ಶುರು ಮಾಡೋದು.

ಪಾಂಡವಪುರ ಕಡೆ ಆಲೆಮನೇಲಿ ಪಾಕ ನೋಡೋನು ನಾನು. ಗೊತ್ತಿಲ್ದೋರಿಗೆ ಹೇಳ್ತೀನಿ: ಕೊಪ್ಪರಿಗೇಲಿ ಕಬ್ಬಿನ ಹಾಲು ಕುದ್ದು ಗಟ್ಟಿ ಆಗೋವಾಗ, ಒಂದು ತೊಟ್ಟು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ಬೇಕು. ಉಂಡೆ ಒಡೆದ್ರೆ ಇನ್ನೂ ಹದ ಬಂದಿಲ್ಲ. ಟಣ್ ಅಂದ್ರೆ ಮೀರೋಯ್ತು. ಮಧ್ಯ ಇರೋದು ಎರಡು ನಿಮಿಷ. ಆ ಎರಡು ನಿಮಿಷಕ್ಕೇ ನಂಗೆ ಕೂಲಿ ಕೊಡ್ತಿದ್ದದ್ದು. ನನ್ನ ಬೆರಳು ನಡುಗಕ್ಕೆ ಶುರು ಆದ್ಮೇಲೆ ಎಲ್ಲಾ ಉಂಡೆನೂ ಒಡೀತಿತ್ತು. ಬೆಳಿಗ್ಗೆ ಒಂದು ಹಾಕ್ಕೊಂಡ್ರೆ ನಡುಕ ನಿಲ್ತಿತ್ತು, ಕಣ್ಣು ಮಂಜಾಗ್ತಿತ್ತು. ಒಂದಿನ ಕಾಲು ಜಾರಿ ಎಡಗೈ ಪಾಕಕ್ಕೆ ಹೋಯ್ತು. ಮೊಣಕೈ ತನಕ ಈಗ್ಲೂ ಕೂದಲಿಲ್ಲ.

ನಮ್ಮ ಮನೆಯವ್ಳು ನಾಲೆಬದಿ ಥರಾನೇ. ಯಜಮಾನ್ರು ಆಳು ಕಳ್ಸಿದ್ರೆ "ಹೊಟ್ಟೆನೋವು ಕಣಪ್ಪ" ಅನ್ನೋಳು. ಸಾಲಗಾರ ಬಂದ್ರೆ "ಮೈಸೂರಿಗೆ ಹೋಗವ್ರೆ". ನಾನು ಒಳಗೆ ಚಾಪೆ ಮೇಲೆ ಮಲಗಿ ಕೇಳಿಸ್ಕೊಳ್ತಿದ್ದೆ. ಒಳಗೊಳಗೇ ಧೈರ್ಯ. ಇವಳಿರೋ ತನಕ ಪರವಾಗಿಲ್ಲ ಅಂತ. ಒಂದಿನ ಯಜಮಾನ್ರು ತಾವೇ ಬಂದ್ರು. ಇವಳು ಬಾಗ್ಲು ಪೂರ್ತಿ ತೆಗ್ದು "ಅಲ್ಲಿ ಬಿದ್ದವ್ರೆ, ನೋಡ್ಕೊಳಿ" ಅಂದ್ಳು. ಅಷ್ಟೇ ಹೇಳಿದ್ದು.

ಅವತ್ತೇ ಬಿಟ್ಟೆ ಅಂದ್ರೆ ಸಿನಿಮಾ ಆಗತ್ತೆ. ಬಿಡ್ಲಿಲ್ಲ. ಕೋಪಕ್ಕೆ ಇನ್ನೆರಡು ತಿಂಗಳು ಜಾಸ್ತಿನೇ ಕುಡಿದೆ. ಕೆಲಸ ಹೋಯ್ತು. ಆಮೇಲೆ ಧರ್ಮಸ್ಥಳದವ್ರು ನಡೆಸೋ ಮದ್ಯವರ್ಜನ ಶಿಬಿರಕ್ಕೆ ಸೇರ್ದೆ, ಎಂಟು ದಿನ. ಬಂದು ನಾಲ್ಕು ತಿಂಗಳು ಚೆನ್ನಾಗಿದ್ದೆ, ಅಕ್ಕನ ಮಗನ ಮದುವೇಲಿ ಮತ್ತೆ ಬಿದ್ದೆ. ಹೀಗೆ ಮೂರು ಸಲ. ನಾಲ್ಕನೇ ಸಲ ಆಸ್ಪತ್ರೆ, ಮಾತ್ರೆ, ಜೊತೆಗೆ ಮೀಟಿಂಗು. ಅದು ಹಿಡೀತು.

ನಾಲೆಬದಿ, ನಿಮ್ಮ ಅಣ್ಣ ಒಳಗೆ ಮಲಗಿ ನೀವು ಫೋನಲ್ಲಿ ಹೇಳೋದನ್ನ ಕೇಳಿಸ್ಕೊಳ್ತಿರ್ತಾನೆ.

ನಾಲೆಬದಿ · 2:40

ಹೌದು. ನಾನು ಫೋನ್ ಇಟ್ಟ ಮೇಲೆ ಮಗ್ಗುಲು ಬದಲಾಯ್ಸ್ತಾನೆ. ಇವತ್ತು ಇದನ್ನ ಓದಿ ನೆನಪಾಯ್ತು.

ನಿವೃತ್ತ_ಮೇಷ್ಟ್ರು · 4:10

ತಮ್ಮಾ, ಇದು ನಿಮ್ಮ ಮನೆಯದೊಂದೇ ಕಥೆಯಲ್ಲ. 2019ರಲ್ಲಿ ದೆಹಲಿಯ ಏಮ್ಸ್‌ನವರು ದೇಶದಾದ್ಯಂತ ಮಾಡಿದ ಸಮೀಕ್ಷೆಯ ವರದಿ ಕೊಟ್ಟಿದ್ದರು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದಿತ್ತು. ಉಳಿದ 37 ಜನರ ಮನೆಗಳಲ್ಲಿ ನಿಮ್ಮಂಥ ತಮ್ಮಂದಿರು ಫೋನು ಎತ್ತುತ್ತಿರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯಪಾನದಿಂದ ಬರುವ ಮನೋಸ್ಥಿತಿಗಳನ್ನೂ ಕಾಯಿಲೆಯೆಂದೇ ಪರಿಗಣಿಸಲಾಗಿದೆ. ಕೊಬ್ಬು ಎನ್ನುವವರು ಗಮನಿಸಬೇಕು.

ಕಬ್ಬುಕಡಿ · 4:15

ಗಮನಿಸ್ದೆ ಮೇಷ್ಟ್ರೆ. ನೆನ್ನೆಯಿಂದ ಅದೇ ಯೋಚ್ನೆ.

ನಾಲೆಬದಿ · ಸೋಮವಾರ ರಾತ್ರಿ 8:20

ಒಂದು ವಿಷಯ. ಅತ್ತಿಗೆ ಇವತ್ತು ಸಂತೇಲಿ ಪುಡಿ ತಂದವ್ರೆ. ಗೋಡೆ ಮೇಲೆ ಬರ್ದಿರ್ತಾರಲ್ಲ, "ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಅಂತ, ಆ ಥರದ್ದು. 1,800 ರೂಪಾಯಿ. ಸಾರಿಗೆ ಬೆರೆಸಿ ಕೊಡ್ಬೇಕಂತೆ. ಕೊಡ್ಬಹುದಾ?

ವಾರ್ಡ್‌ಅಕ್ಕ · 8:23

ಬೇಡ. ಬೇಡ. ಇವತ್ತಿನ ಸಾರಿಗೆ ಹಾಕಿಲ್ಲ ತಾನೇ?

ನಾಲೆಬದಿ · 8:26

ಇಲ್ಲ ಅಕ್ಕ. ಪೊಟ್ಟಣ ನನ್ನ ಕೈಲಿದೆ.

ವಾರ್ಡ್‌ಅಕ್ಕ · 8:45

ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರ್ದಿದಾರಾ ನೋಡಿ. ಬರ್ದಿರಲ್ಲ. ಕುಡಿತ ಬಿಡಿಸೋಕೆ ನಿಜವಾದ ಒಂದು ಔಷಧಿ ಇದೆ, ಡೈಸಲ್ಫಿರಾಂ. ಅದು ಮೈಯಲ್ಲಿರುವಾಗ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದು, ಎದೆ ಹಿಡ್ಕೊಂಡು ಸಾಯೋ ಹಂತಕ್ಕೆ ಹೋಗಬಹುದು. ಮಾತ್ರೆ ನಿಲ್ಸಿದ ಮೇಲೂ ಎರಡು ವಾರದವರೆಗೆ ಆ ಗುಣ ಉಳಿಯತ್ತೆ. ಅದಕ್ಕೇ ರೋಗಿಗೆ ಹೇಳಿ, ಒಪ್ಪಿಸಿ, ಲಿವರ್ ಹಾರ್ಟ್ ಟೆಸ್ಟ್ ಮಾಡಿಸಿ ಕೊಡೋದು. ಗಂಡ ಕುಡ್ಕೊಂಡು ಬಂದ ರಾತ್ರಿ ಹೆಂಡ್ತಿ ಸಾರಿಗೆ ಬೆರೆಸಿದ್ದು, ಅವನು ಐಸಿಯು ಸೇರಿದ್ದು ನಾನೇ ನೋಡಿದೀನಿ. ಆ ಹೆಂಡ್ತಿ ಮುಖ ಮರೆಯಕ್ಕಾಗಲ್ಲ. ಈಗ ಚಪಲ ಕಮ್ಮಿ ಮಾಡೋ ಬೇರೆ ಮಾತ್ರೆಗಳೂ ಇವೆ, ಡಾಕ್ಟ್ರು ನೋಡಿ ಬರೀತಾರೆ.

ಅತ್ತಿಗೆಗೆ ಬೈಬೇಡಿ. 1,800 ಎಲ್ಲಿಂದ ತಂದ್ರೋ ಪಾಪ.

ನಾಲೆಬದಿ · 8:50

ರಾಗಿ ಡಬ್ಬದಲ್ಲಿ ಇಟ್ಟಿದ್ರಂತೆ.

ಮಲ್ಲಿಗೆಹಂಬು · ಸೋಮವಾರ ರಾತ್ರಿ 11:30

ಇಷ್ಟು ಹೊತ್ತೂ ಓದ್ತಿದ್ದೆ, ಬರೀಬಾರ್ದು ಅಂದ್ಕೊಂಡಿದ್ದೆ. ನಾನು ಆ 8 ವರ್ಷದ ಹುಡುಗಿ. ಅಂದ್ರೆ ಹಾಗಿದ್ದೋಳು, ಈಗ 31.

ನಮ್ಮಪ್ಪ ಕುಡಿದು ಬಂದ ದಿನ ಸಾರಿನ ಪಾತ್ರೆ ಒದೀತಿದ್ರು. ಯಾಕೆ ಸಾರೇ ಅಂತ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಅವ್ವ ಸಾಯಂಕಾಲ ಸಾರು ಇಳಿಸಿದ ತಕ್ಷಣ ಒಂದು ಪಾತ್ರೆಗೆ ಅರ್ಧ ಬಗ್ಗಿಸಿ ನನ್ನ ಕೈಲಿ ಪಕ್ಕದ್ಮನೆ ಅಜ್ಜಿ ಹತ್ರ ಕಳಿಸ್ತಿದ್ರು. ಮನೇಲಿ ಉಳಿಯೋದು ಒದೆಯಕ್ಕೆ. ಅಜ್ಜಿ ಮನೇಲಿರೋದು ನಂಗೂ ತಮ್ಮಂಗೂ ಉಣ್ಣಕ್ಕೆ. ಏಳೆಂಟು ವರ್ಷ ಹೀಗೇ ನಡೀತು. ನಂಗೆ ಅದು ವಿಚಿತ್ರ ಅಂತ್ಲೇ ಅನಿಸಿರ್ಲಿಲ್ಲ. ಎಲ್ರ ಮನೇಲೂ ಸಾರು ಎರಡು ಕಡೆ ಇಡ್ತಾರೆ ಅಂದ್ಕೊಂಡಿದ್ದೆ. ಹೈಸ್ಕೂಲಲ್ಲಿ ಫ್ರೆಂಡ್ ಮನೇಲಿ ಊಟಕ್ಕೆ ಕೂತಾಗ "ಇನ್ನೊಂದು ಪಾತ್ರೆ ಎಲ್ಲಿ?" ಅಂತ ಕೇಳ್ಬಿಟ್ಟಿದ್ದೆ.

ಅಪ್ಪ 2016ರಲ್ಲಿ ಹೋದ್ರು, 52 ವಯಸ್ಸು. ಮೊದ್ಲು ಕಾಲು ಊದ್ಕೊಳ್ತು. ಕಣ್ಣು ಹಳದಿ ಆಯ್ತು, ಕಾಮಾಲೆ ಅಂತ ನಾಟಿ ಸೊಪ್ಪಿನ ರಸ ಕುಡಿಸಿದ್ವಿ. ಹೊಟ್ಟೆಗೆ ನೀರು ತುಂಬ್ತು. ಒಂದಿನ ಬೆಳಿಗ್ಗೆ ಬಚ್ಚಲಲ್ಲಿ ರಕ್ತವಾಂತಿ, ಬಕೆಟ್ ತುಂಬ. ಲಿವರ್ ಗಟ್ಟಿ ಆಗಿ ಅನ್ನನಾಳದ ರಕ್ತನಾಳ ಊದಿ ಒಡೆದಿದೆ ಅಂದ್ರು ಡಾಕ್ಟ್ರು. ಕೊನೇವರೆಗೂ ಲಿವರ್ ನೋಯ್ತಿದೆ ಅಂತ ಅಪ್ಪ ಒಂದಿನಾನೂ ಹೇಳಿರ್ಲಿಲ್ಲ.

ಅವರು ಸತ್ತಾಗ ಅಳು ಬರ್ಲಿಲ್ಲ. ಮೂರು ತಿಂಗಳಾದ್ಮೇಲೆ ಪಕ್ಕದ್ಮನೆ ಅಜ್ಜಿ ಆ ಪಾತ್ರೆ ತೊಳೆದು ಹುಣಸೆಹಣ್ಣಲ್ಲಿ ಉಜ್ಜಿ ವಾಪಸ್ ತಂದ್ಕೊಟ್ರು. "ಇನ್ನು ಬೇಕಾಗಲ್ಲ ಅಲ್ವೇನವ್ವ" ಅಂದ್ರು. ಅವತ್ತು ಅತ್ತೆ.

ನಾಲೆಬದಿ, ಮಗಳು ಚಪ್ಪಾಳೆ ತಟ್ಟಿದ್ದಕ್ಕೆ ಗದರಬೇಡಿ. ಅಪ್ಪಂಗೆ ಕಾಯಿಲೆ, ಅದಕ್ಕೆ ಕೈ ನಡುಗತ್ತೆ, ನಿನ್ನಿಂದ ಬಂದಿದ್ದಲ್ಲ ಅಂತ ಯಾರಾದ್ರೂ ಅವಳ ಹತ್ರ ಕೂತು ಹೇಳಿ. ನಮಗೆ ಯಾರೂ ಹೇಳಿರ್ಲಿಲ್ಲ. ನಾನು ಗಣಿತದಲ್ಲಿ ಕಮ್ಮಿ ತೆಗೆದಿದ್ದಕ್ಕೆ ಅಪ್ಪ ಕುಡೀತಾರೆ ಅಂತ ಎಷ್ಟೋ ವರ್ಷ ನಂಬಿದ್ದೆ.

ಲಿಮಿಟ್‌ರಾಜ · 11:48

ತಂಗಿ, ಏನು ಬರೀಬೇಕೋ ಗೊತ್ತಾಗ್ತಿಲ್ಲ.

ನಾಲೆಬದಿ · ಮಂಗಳವಾರ ಸಂಜೆ 6:00

ಒಳ್ಳೇ ಸುದ್ದಿ. ಅತ್ತಿಗೆ ಫೋನಲ್ಲಿ ಪಾಕದವರು ಬರ್ದಿದ್ದನ್ನ ಅಣ್ಣಂಗೆ ಓದಿ ಹೇಳಿದ್ರು. ಇವತ್ತು ಬೆಳಿಗ್ಗೆ ಅವನೇ ಸ್ನಾನ ಮಾಡಿ, ಮನೆದೇವ್ರ ಮುಂದೆ ಕರ್ಪೂರ ಹಚ್ಚಿ, ಮಾದಪ್ಪನಾಣೆ ಇನ್ಮೇಲೆ ಮುಟ್ಟಲ್ಲ ಅಂದ. ನೆನ್ನೆ ರಾತ್ರಿ 11ಕ್ಕೆ ಕುಡಿದಿದ್ದೇ ಕೊನೆ. ನಡುಕ ಇದೆ, ಬೆವರ್ತಾನೆ, ಆದ್ರೂ ಹಟ ಹಿಡ್ದು ಕೂತವ್ನೆ. ಗುರುವಾರ ಡಾಕ್ಟ್ರ ಹತ್ರ ಹೋಗೋಣ ಅಂತಿದೀವಿ.

ಮದ್ದೂರ್‌ವಡೆ · 6:04

ಸೂಪರ್ ಗುರು! ಮಾದಪ್ಪ ಕಾಪಾಡ್ತಾನೆ.

ವಾರ್ಡ್‌ಅಕ್ಕ · ಮಂಗಳವಾರ ರಾತ್ರಿ 9:15

ಡ್ಯೂಟಿಲಿದ್ದೆ, ಈಗ ನೋಡ್ದೆ. ಗುರುವಾರ ಅಲ್ಲ, ಇವತ್ತೇ ಹೋಗಿ. ಆಣೆ ಇರ್ಲಿ, ಮೆದುಳಿಗೆ ಆಣೆ ಗೊತ್ತಾಗಲ್ಲ.

ನಾಲೆಬದಿ · 9:40

ಮಲಗವ್ನೆ ಅಕ್ಕ. ಎಬ್ಬಿಸಿದ್ರೆ ಬೈತಾನೆ. ಪಕ್ಕದೂರಿನ ಕ್ಲಿನಿಕ್‌ನವ್ರು ನಾಳೆ ಒಂದು ಗ್ಲೂಕೋಸ್ ಹಾಕ್ತೀನಿ ಅಂದವ್ರೆ.

ವಾರ್ಡ್‌ಅಕ್ಕ · 9:44

ಬರೀ ಗ್ಲೂಕೋಸ್ ಹಾಕಿಸಬೇಡಿ. ಕುಡಿಯೋರ ಮೈಯಲ್ಲಿ ಬಿ1 ವಿಟಮಿನ್ (ಥಯಾಮಿನ್) ಖಾಲಿ ಆಗಿರತ್ತೆ. ಮೊದ್ಲು ಥಯಾಮಿನ್ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಏರಿಸಿದ್ರೆ ಮೆದುಳಿಗೆ ಪೆಟ್ಟು ಬೀಳಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ದೊಡ್ಡಾಸ್ಪತ್ರೆಗೇ ಹೋಗಿ. ರಾತ್ರಿ ಏನಾದ್ರೂ ವಿಚಿತ್ರವಾಗಿ ಮಾತಾಡಿದ್ರೆ ಕಾಯಬೇಡಿ, 108.

ನಾಲೆಬದಿ · ಬುಧವಾರ ರಾತ್ರಿ 1:05

ಯಾರಾದ್ರೂ ಇದೀರಾ

ಹೊತ್ತಾರೆಯಿಂದ ಚೆನ್ನಾಗಿದ್ದ, ಆಸ್ಪತ್ರೆ ಬೇಡ ಅಂದ. ಈಗ ಎದ್ದು ಕೂತು ಕಂಬಳಿಯಿಂದ ಏನೋ ಆರಿಸಿ ಆರಿಸಿ ಬಿಸಾಡ್ತಾವ್ನೆ. ಬೇರಿಂಗ್ ಬಾಲ್ ಉರುಳ್ತಾವೆ ಹಿಡೀರಿ ಅಂತಾನೆ. ಅತ್ತಿಗೆನ ಸೂಪರ್‌ವೈಸರ್ ಅಂದ್ಕೊಂಡು ಸಾರ್ ಸಾರ್ ಅಂತಾನೆ. ಮೈ ಸುಡ್ತಿದೆ. ದೊಡ್ಡಪ್ಪ ಪೂಜಾರಿಗೆ ಹೇಳಿಕಳಿಸ್ತೀನಿ ಅಂತವ್ರೆ.

ಕಬ್ಬುಕಡಿ · 1:07

ಪೂಜಾರಿ ಗೀಜಾರಿ ಬೇಡ ಅಣ್ಣ. ನಮ್ಮ ಚಿಕ್ಕಪ್ಪ ಇಂಗೇ ಕಂಬಳಿ ಕೀಳ್ತಿದ್ರು. ಅವತ್ತು ನಾವೂ ಪೂಜಾರಿನೇ ಕರೆಸಿದ್ವಿ. 108ಕ್ಕೆ ಮಾಡು ಈಗ್ಲೇ. ಅಂಬುಲೆನ್ಸ್ ತಡ ಆದ್ರೆ ನಾನು ಓಮ್ನಿ ತರ್ತೀನಿ, ಮಂಡ್ಯದಲ್ಲೇ ಇದೀನಿ, ಲೊಕೇಶನ್ ಕಳ್ಸು.

ವಾರ್ಡ್‌ಅಕ್ಕ · 1:09

ಡೆಲಿರಿಯಂ ಇದು. 108. ಕಟ್ಟಿಹಾಕಬೇಡಿ, ಲೈಟ್ ಹಾಕಿರಿ, ಮಗ್ಗುಲು ತಿರುಗಿಸಿ ಮಲಗಿಸಿ, ಕುಡಿಯಕ್ಕೆ ಬಲವಂತವಾಗಿ ಏನೂ ಹಾಕಬೇಡಿ. ಕ್ಯಾಶುಯಾಲ್ಟಿಲಿ ಮೊದಲ ಮಾತೇ ಇದಾಗಿರಲಿ: "ದಿನಾ ಕುಡೀತಿದ್ರು, ಸೋಮವಾರ ರಾತ್ರಿ 11ಕ್ಕೆ ನಿಲ್ಸಿದಾರೆ." ಮುಚ್ಚಿಡಬೇಡಿ. ಬರೀ ಜ್ವರ ಅಂದ್ರೆ ಜ್ವರದ ಟ್ರೀಟ್‌ಮೆಂಟ್ ಕೊಡ್ತಾರೆ.

ನಾಲೆಬದಿ · 1:12

ಕಳ್ಸಿದೀನಿ ಲೊಕೇಶನ್

ಪಾಕದವ · ಗುರುವಾರ ಬೆಳಿಗ್ಗೆ 5:30

ಏನಾಯ್ತಪ್ಪ?

ಮಲ್ಲಿಗೆಹಂಬು · 6:10

ನಾನೂ ನೋಡ್ತಾನೇ ಇದೀನಿ.

ಕಬ್ಬುಕಡಿ · 7:20

ಆಸ್ಪತ್ರೇಲೇ ಇದೀನಿ. 108 ಬಂತು, ನಾನು ಹಿಂದೆ ಓಮ್ನಿಲಿ ಬಂದೆ. ದಾರೀಲಿ ಒಂದು ಸಲ ಫಿಟ್ಸ್ ಬಂತು. ಇಂಜೆಕ್ಷನ್ ಕೊಟ್ಟವ್ರೆ, ಈಗ ನಿದ್ದೆ. ಜೀವಕ್ಕೆ ತೊಂದ್ರೆ ಇಲ್ಲ ಅಂದ್ರು ಡಾಕ್ಟ್ರು. ನಾಲೆಬದಿ ಫೋನ್ ಚಾರ್ಜ್ ಇಲ್ಲ. ಅಜ್ಜಿನೂ ಬಂದವ್ರೆ, ಬೇಡ ಅಂದ್ರೂ ಗಾಡಿ ಹತ್ತಿದ್ರು.

ಮದ್ದೂರ್‌ವಡೆ · 7:22

ಮೊನ್ನೆ ಸೂಪರ್ ಗುರು ಅಂದಿದ್ದು ವಾಪಸ್ ತಗೊಂಡೆ. ಗೊತ್ತಿರ್ಲಿಲ್ಲ.

ನಾಲೆಬದಿ · ಶನಿವಾರ ಸಂಜೆ 5:15

ಎಲ್ರಿಗೂ, ಮೂರು ದಿನದಿಂದ ಬರೀಲಿಕ್ಕೆ ಆಗ್ಲಿಲ್ಲ. ಅಣ್ಣ ವಾರ್ಡಲ್ಲಿದಾನೆ. ನೆನ್ನೆಯಿಂದ ಎಲ್ರ ಗುರುತು ಸಿಗ್ತಿದೆ. ಬುಧವಾರ ರಾತ್ರಿದು ಒಂದೂ ನೆನಪಿಲ್ಲ. ರಕ್ತ ಪರೀಕ್ಷೇಲಿ ಲಿವರ್‌ದು ಎರಡು ಅಂಶ ನೋಡ್ತಾರಂತೆ, ಎಸ್‌ಜಿಒಟಿ, ಎಸ್‌ಜಿಪಿಟಿಗಿಂತ ಎರಡು ಪಟ್ಟು ಮೇಲಿದೆ, ಸ್ಕ್ಯಾನಲ್ಲಿ ಲಿವರ್‌ಗೆ ಕೊಬ್ಬು. ಇನ್ನೂ ಗಟ್ಟಿ ಆಗಿಲ್ಲ, ಈಗ ನಿಲ್ಸಿದ್ರೆ ಬಹಳಷ್ಟು ವಾಪಸ್ ಬರತ್ತೆ ಅಂದ್ರು. ಪಾದ ಉರಿ ಇದೆ, ಅದು ನರದ್ದಂತೆ, ನಿಧಾನ ಅಂದ್ರು.

ಗುರುವಾರ ಬೆಳಿಗ್ಗೆ 8ಕ್ಕೆ ಸೂಪರ್‌ವೈಸರ್ ಫೋನ್ ಬಂತು. ನಾನು ಟೀ ತರಕ್ಕೆ ಹೋಗಿದ್ದೆ. ಅತ್ತಿಗೆ ಎತ್ತಿದ್ರು. "ಸಾರ್, ಕುಡಿದು ಕುಡಿದು ಆಸ್ಪತ್ರೆ ಸೇರವ್ರೆ, ಬಿಡಿಸ್ತಾವ್ರೆ, ತಿಂಗ್ಳು ರಜೆ ಬೇಕು" ಅಂದ್ರಂತೆ. ಒಂದೇ ಉಸಿರಲ್ಲಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ವಂತೆ. ಆಮೇಲೆ ಅವ್ರು "ಅಜ್ಜಿ ಹೇಗಿದಾರೆ ಅಮ್ಮ?" ಅಂದ್ರಂತೆ.

ಟೈಂಆಫೀಸ್ · 5:18

ಹೇಳಿರ್ಲಿಲ್ವಾ.

ಲಿಮಿಟ್‌ರಾಜ · 5:25

ಅಜ್ಜಿಗೆ ನನ್ನದೊಂದು ನಮಸ್ಕಾರ. ಅಂದಹಾಗೆ ಈ ಭಾನುವಾರ ಸುಮ್ನೆ ಮಜ್ಜಿಗೆ ಕುಡಿದು ನೋಡೋಣ ಅಂತಿದೀನಿ. ನಿದ್ದೆ ಬರಲ್ಲ ಅನ್ನೋ ಭಯ ಇದೆ.

ಪಿಯುಸಿ_ಕೆಮಿಸ್ಟ್ರಿ · 5:27

ಆ ಭಯ ಇದೆ ಅನ್ನೋದನ್ನೇ ಒಂದು ಸಲ ಯೋಚ್ನೆ ಮಾಡಿ.

ಪಾಕದವ · 5:50

ಡಿಸ್ಚಾರ್ಜ್ ಆದ್ಮೇಲೆ ಹೇಳಿ, ಮೀಟಿಂಗ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಮನೆಯವ್ರಿಗೆ ಅಂತ ಬೇರೆ ಗುಂಪೂ ಇದೆ, ಅಲ್‌-ಅನಾನ್, ಅತ್ತಿಗೆ ಹೋಗ್ಲಿ. ಮತ್ತೆ ಬಿದ್ರೆ ಗಾಬರಿ ಬೇಡ. ನಾನು ಮೂರು ಸಲ ಬಿದ್ದೋನು.

ಟೈಂಆಫೀಸ್ · 6:02

ಆಸ್ಪತ್ರೆ ಚೀಟಿ ಎಲ್ಲಾ ಜೋಪಾನ. ಸೋಮವಾರ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಸರ್ಟಿಫಿಕೇಟ್ ಕೇಳಿ. ಫ್ಯಾಕ್ಟ್ರಿಗೆ ರಜೆ ಅರ್ಜಿ ಲಿಖಿತದಲ್ಲೇ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ.

ನಾಲೆಬದಿ · 6:10

ಆಯ್ತು ಸಾರ್. ಅಕ್ಕ, ಅಣ್ಣ ಎರಡು ದಿನದಿಂದ ಮುದ್ದೆ ಕೇಳ್ತಾವ್ನೆ. ಆಸ್ಪತ್ರೆ ಅನ್ನ ಸೇರ್ತಿಲ್ಲ. ತರಬಹುದಾ?

ವಾರ್ಡ್‌ಅಕ್ಕ · 6:31

ತನ್ನಿ. ಸೊಪ್ಪಿನ ಸಾರು ಮಾಡ್ಸಿ, ಖಾರ ಕಮ್ಮಿ. ಗೇಟಲ್ಲಿ ಕ್ಯಾರಿಯರ್ ತೆಗೆಸಿ ನೋಡ್ತಾರೆ, ಬೇಜಾರು ಮಾಡ್ಕೋಬೇಡಿ. ಫ್ರೆಂಡ್ಸ್ ಟೆಟ್ರಾ ಪ್ಯಾಕ್ ತಂದುಕೊಡೋದು ಅದ್ರಲ್ಲೇ.